ಟ್ರ್ಯಾಕ್ ಅಕ್ಕನ ಆಕಳಿಕೆ

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಟ್ರ್ಯಾಕ್ ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲು ಕಾಯುವವನಿಗೂ ಅವಳು ಅಕ್ಕ, ಸಂಗೀತ ನಿರ್ದೇಶಕನಿಗೂ ಅಕ್ಕ, ತಲೆಯೆಲ್ಲ ಬೆಳ್ಳಗಾಗಿದ್ದ ಪಿಟೀಲಿನವನಿಗೂ ಅಕ್ಕ. "ನಿಮಗೆ ನಾನು ಹೇಗೆ ಅಕ್ಕ ಆಗ್ತೀನಿ? ನನಗಿಂತ ಎಷ್ಟು ದೊಡ್ಡವರು ನೀವು" ಎಂದು ಒಮ್ಮೆ ಕೇಳಿದ್ದಳು. ಪಿಟೀಲಿನವನು ತಂತಿ ಬಿಗಿಮಾಡುತ್ತ, "ವಯಸ್ಸಲ್ಲಿ ನಾನು ದೊಡ್ಡವನು, ಸುಸ್ತಲ್ಲಿ ನೀನು ದೊಡ್ಡವಳು" ಎಂದಿದ್ದ. ಆಮೇಲೆ ಅವಳು ಆ ಪ್ರಶ್ನೆ ಎತ್ತಲಿಲ್ಲ.

ಅವಳ ಕೆಲಸವೇನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ದೊಡ್ಡ ಗಾಯಕಿ ಬಂದು ಹಾಡುತ್ತಾಳೆ, ನಟಿ ಅದಕ್ಕೆ ತುಟಿಯಾಡಿಸುತ್ತಾಳೆ, ಅಲ್ಲಿಗೆ ಸಿನಿಮಾದ ಹಾಡು ಮುಗಿಯಿತು ಎಂದು ಜನ ತಿಳಿದಿರುತ್ತಾರೆ. ಆದರೆ ದೊಡ್ಡ ಗಾಯಕಿಗೆ ಬಿಡುವಾಗುವುದು ಯಾವತ್ತೋ. ಅಲ್ಲಿಯ ತನಕ ಚಿತ್ರೀಕರಣ ನಿಲ್ಲಿಸಿಕೊಂಡು ಕೂರಲು ಆಗುತ್ತದೆಯೇ? ಕುಣಿಯುವವರಿಗೆ ಕುಣಿಯಲು ಒಂದು ದನಿ ಬೇಕು, ಅಳುವವಳಿಗೆ ಅಳಲು ಒಂದು ದನಿ ಬೇಕು. ಅದಕ್ಕಾಗಿ ಟ್ರ್ಯಾಕ್ ಹಾಡುವವರು ಬಂದು ಹಾಡಿಟ್ಟು ಹೋಗುತ್ತಾರೆ. ತಿಂಗಳುಗಟ್ಟಲೆ ನಟರು ಆ ದನಿಗೇ ತುಟಿಯಾಡಿಸುತ್ತಾರೆ. ಕೊನೆಗೊಂದು ದಿನ ದೊಡ್ಡ ಗಾಯಕಿ ಕಾರಿನಿಂದಿಳಿದು ಬಂದು, ಆ ಹಾಡನ್ನೇ ಕೇಳಿಸಿಕೊಂಡು, ತಾನು ಹಾಡುತ್ತಾಳೆ. ಹಳೆಯ ದನಿಯನ್ನು ಅಳಿಸಿಬಿಡುತ್ತಾರೆ. ಮನೆ ಕಟ್ಟುವಾಗ ಸುತ್ತ ಸಾರುವೆ ಕಟ್ಟಿ, ಮನೆ ಎದ್ದು ನಿಂತ ಮೇಲೆ ಬಿಚ್ಚಿ ಒಯ್ಯುತ್ತಾರಲ್ಲ, ಹಾಗೆ.

"ಬೇಜಾರಾಗಲ್ವಾ ಅಕ್ಕ?" ಎಂದು ಹೊಸದಾಗಿ ಬಂದವರು ಕೇಳುವುದುಂಟು.

"ಮೊದಮೊದಲು ಆಯ್ತು. ಆಮೇಲೆ ಬೇಜಾರಿಗೇ ನನ್ನ ಮೇಲೆ ಬೇಜಾರಾಗಿ ಹೊರಟುಹೋಯ್ತು" ಎನ್ನುತ್ತಿದ್ದಳು.

ಐವತ್ತು ದಾಟಿದ್ದ ಅವಳು ಅರ್ಧ ಆಯಸ್ಸು ಇದರಲ್ಲೇ ಕಳೆದಿದ್ದಳು. ಎಂಥ ರಾಗ ಕೊಟ್ಟರೂ ಹಿಡಿಯುತ್ತಿದ್ದಳು, ಎಷ್ಟು ಹೊತ್ತಿಗೆ ಕರೆದರೂ ಬರುತ್ತಿದ್ದಳು, ಬಿಸಿನೀರಿನ ಫ್ಲಾಸ್ಕನ್ನು ತಾನೇ ತರುತ್ತಿದ್ದಳು. ದನಿ ಚೆನ್ನಾಗಿತ್ತು. ಆದರೆ ಚೆನ್ನಾಗಿರುವ ದನಿಗಳು ಊರಲ್ಲಿ ಬೇಕಾದಷ್ಟಿದ್ದವು, ಅದು ಅವಳಿಗೂ ಗೊತ್ತಿತ್ತು.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಿದರೆ ಆಕಾಶ ಕಾಣದಷ್ಟು ಅಗಲದ ಬಾಲ್ಕನಿ. ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಏರಿಸಿ ಇಳಿಸುವವನ ಮನೆಗೆ ಮಾತ್ರ ಮೆಟ್ಟಿಲೇ ಗತಿ ಎಂದು ಕಟ್ಟಡದವರೆಲ್ಲ ನಗುತ್ತಿದ್ದರು, ಅವನೂ ನಗುತ್ತಿದ್ದ. ಒಳ್ಳೆಯವನು. ದೇವರು ಅವನಿಗೆ ಒಂದು ವರ ಕೊಟ್ಟಿದ್ದ. ಒರಗಲು ಒಂದು ಗೋಡೆ ಸಿಕ್ಕರೆ ಸಾಕು, ಮೂರು ಉಸಿರಿನೊಳಗೆ ನಿದ್ದೆ. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನೊಳಗೂ ಮಲಗಿದ್ದನಂತೆ. ರಿಪೇರಿಗೆ ಹೋದವನನ್ನೇ ಹೊರಗೆಳೆಯಲು ಇನ್ನೊಬ್ಬನನ್ನು ಕಳಿಸಬೇಕಾಯಿತಂತೆ.

ಆ ಮನೆಗೆ ಎರಡು ವರ್ಷದ ಹಿಂದೆ ಗಂಡನ ಅಕ್ಕ ಬಂದು ಸೇರಿದ್ದರು. ಇವಳಿಗೆ ಅತ್ತಿಗೆ. ಮದುವೆಯಾದವರಲ್ಲ, ಬದುಕೆಲ್ಲ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ವಾರ್ಡನ್ ಆಗಿದ್ದವರು. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿ ದೊಡ್ಡವನಾಗಿ ಮಾಡಿದ್ದು ಅವರೇ. ನಿವೃತ್ತಿಯಾದರೂ ವಾರ್ಡನ್‌ಗಿರಿ ಬಿಟ್ಟಿರಲಿಲ್ಲ. ಟವೆಲ್ ಮಡಚುವುದಕ್ಕೊಂದು ನಿಯಮ, ಚಪ್ಪಲಿ ಬಿಡುವುದಕ್ಕೊಂದು ನಿಯಮ. ಆಕಳಿಸುವುದಕ್ಕೂ ನಿಯಮವಿತ್ತು.

"ಕೈ ಅಡ್ಡ ಇಟ್ಕೊಂಡು ಆಕಳಿಸೋದು ಕಲಿ. ಬಾಯಿ ನೋಡಿದ್ರೆ ಗುಹೆ ಥರ ಕಾಣುತ್ತೆ" ಎನ್ನುತ್ತಿದ್ದರು.

ಅವಳ ಹಾಡಿನ ಬಗ್ಗೆ ಅವರಿಗೆ ಮೊದಲಿಂದಲೂ ಅಭಿಪ್ರಾಯವೊಂದಿತ್ತು. "ಹಾಡೋದೂ ಒಂದು ಕೆಲಸ ಅಂತಾದ್ರೆ ಕಾಗೇನೂ ಉದ್ಯೋಗಸ್ಥನೇ." ಮದುವೆಯ ಹೊಸತರಲ್ಲಿ ಆಡಿದ ಮಾತು ಅದು. ಆಮೇಲೆ ಅದನ್ನು ತಿದ್ದಿಕೊಳ್ಳುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಅಂಥವರು ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ, ಮಂಚದ ಮೇಲೆ ಮಲಗಿಸಿದರು. ಹಗಲೆಲ್ಲ ಜೊಂಪು ಹತ್ತಿದಂತೆ ಮಲಗಿರುತ್ತಿದ್ದ ಅವರಿಗೆ ಕತ್ತಲಾಯಿತೆಂದರೆ ನಿದ್ದೆ ದೂರ. ಪಕ್ಕದ ಕೋಣೆಯಿಂದ ಕರೆಯಲು ಒಂದು ಸ್ಟೀಲ್ ಲೋಟ ಇಟ್ಟುಕೊಂಡಿದ್ದರು. ಮಂಚದ ಕಂಬಿಗೆ ಟಣ್ ಟಣ್ ಎಂದು ಬಡಿದರೆ ನೀರು. ಇನ್ನೊಂದು ಸಲ ಬಡಿದರೆ ಮಗ್ಗುಲು ಬದಲಿಸಬೇಕು. ಮತ್ತೂ ಬಡಿದರೆ ಕಿಟಕಿ ತೆರೆಯಬೇಕು, ಇಲ್ಲವೇ ಆಗ ತೆರೆದದ್ದನ್ನು ಮುಚ್ಚಬೇಕು. ಗಂಡನಿಗೆ ಒಂದೂ ಕೇಳಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು, "ಅಕ್ಕ ಪಾಪ, ರಾತ್ರಿ ಚೆನ್ನಾಗಿ ಮಲಗಿದ್ಲು ಅನ್ಸುತ್ತೆ" ಎನ್ನುತ್ತಿದ್ದ. ಅವಳು ಜಗಳವಾಡಲೂ ಬಾಯಿ ತೆರೆಯುತ್ತಿರಲಿಲ್ಲ. ತೆರೆದರೆ ಆಕಳಿಕೆಯೇ ಬರುತ್ತಿತ್ತು.

ಆ ದಿನಗಳಲ್ಲೇ ಅಜ್ಜಿಕತೆಗಳ ಸಿನಿಮಾದ ಕೆಲಸ ಬಂದದ್ದು.

ಸಂಗೀತ ನಿರ್ದೇಶಕ ಚಿಕ್ಕ ವಯಸ್ಸಿನವನು. ಮುಖದ ಮೇಲೆ ಇನ್ನೂ ಗಡ್ಡ ಸರಿಯಾಗಿ ನಿಂತಿರಲಿಲ್ಲ, ಆದರೂ ಸ್ಟುಡಿಯೋದ ಪದ್ಧತಿಯಂತೆ ಎಲ್ಲರಿಗೂ ಅವನು ಮೇಷ್ಟ್ರು. ಅವಳನ್ನು ಕೂರಿಸಿಕೊಂಡು ಕತೆ ಹೇಳಿದ. ಒಂದು ದೊಡ್ಡ ಕಾಡು. ಚಿಕ್ಕಂದಿನಲ್ಲಿ ಕೇಳಿದ ಕತೆಗಳ ಜನರೆಲ್ಲ ಅಲ್ಲೇ ಅಕ್ಕಪಕ್ಕದಲ್ಲಿ ವಾಸ. ಆದರೆ ಕತೆಗಳು ಮಾತ್ರ ನಮಗೆ ಗೊತ್ತಿರುವ ಹಾಗೆ ನಡೆಯುವುದಿಲ್ಲ. ಮಾಟಗಾತಿ ಯಾರನ್ನೂ ತಿನ್ನುವವಳಲ್ಲ. ಕಷ್ಟಪಟ್ಟು ಸಿಹಿತಿಂಡಿಯಲ್ಲಿ ಮನೆ ಕಟ್ಟಿಕೊಂಡರೆ, ಬಂದ ಮಕ್ಕಳು ಅವಳ ಗೋಡೆಯನ್ನೇ ತಿಂದುಹೋಗುತ್ತಾರೆ. ಮಲತಾಯಿ ಕೆಟ್ಟವಳಲ್ಲ, ಯಾರೋ ಹೆತ್ತ ಮಗಳ ಸಿಕ್ಕುಗಟ್ಟಿದ ತಲೆ ಬಾಚಿ ಬಾಚಿ, ಒಂದು ದಿನವೂ 'ಅಮ್ಮ' ಅನ್ನಿಸಿಕೊಳ್ಳದವಳು. ಇನ್ನು ನೂರು ವರ್ಷ ಮಲಗುವ ರಾಜಕುಮಾರಿಗೆ ಯಾರ ಶಾಪವೂ ತಟ್ಟಿಲ್ಲ. ಅವಳಿಗೆ ಸುಸ್ತಾಗಿದೆ, ಅಷ್ಟೇ. ರಾಜಕುಮಾರ ಬಂದು ಎಬ್ಬಿಸಿದರೆ, ಆ ಕಡೆ ಹೊರಳಿ ಮಲಗುತ್ತಾಳೆ.

"ಇದರಲ್ಲಿ ಮಾತು ಕಡಿಮೆ ಅಕ್ಕ, ಎಲ್ಲ ಹಾಡೇ. 'ನೀರು ಕೊಡು' ಅನ್ನೋಕೂ ಹಾಡೇ."

"ನಮ್ಮನೇಲಿ ಅದಕ್ಕೆ ಲೋಟ ಬಡೀತಾರೆ" ಎಂದಳು ಅವಳು. ಮೇಷ್ಟ್ರಿಗೆ ಅರ್ಥವಾಗಲಿಲ್ಲ.

ಮೂರೂ ಹೆಂಗಸರಿಗೆ ಅವಳೇ ಟ್ರ್ಯಾಕ್ ಹಾಡಬೇಕಿತ್ತು. ಮಾಟಗಾತಿಯದನ್ನು ಗಂಟಲು ಒಡೆದು, ಮಲತಾಯಿಯದನ್ನು ತಗ್ಗಿಸಿ, ರಾಜಕುಮಾರಿಯದನ್ನು ಎಳೆದು. ಮಲತಾಯಿಯ ಹಾಡು ಅವಳಿಗೆ ಹಿಡಿಸಿತು.

"ಹೆತ್ತವಳಲ್ಲ ನಾನು, ಹೊತ್ತವಳೂ ಅಲ್ಲ,
ಬೆಳಗಾದರೆ ಬಾಚಣಿಗೆ ಹಿಡಿದವಳು ನಾನು..."

ಮನೆಯಲ್ಲಿ ಅತ್ತಿಗೆಯ ತಲೆ ಬಾಚುತ್ತಿದ್ದವಳೂ ಅವಳೇ. ಮಲಗಿ ಮಲಗಿ ಕೂದಲು ತೆಂಗಿನ ನಾರಿನಂತಾಗಿತ್ತು. "ಎಳೀಬೇಡ, ಕೀಳ್ತಿದ್ದೀಯಾ ನೀನು" ಎಂದು ಅವರು ಬೈಯುವಾಗ, ಬಾಯೊಳಗೇ ಆ ಸಾಲು ಗುನುಗುತ್ತ ಅವಳು ಅಭ್ಯಾಸ ಮಾಡಿಕೊಂಡಳು.

ರಾಜಕುಮಾರಿಯ ಹಾಡಿನ ದಿನ ಮಾತ್ರ ಬೇರೆಯದೇ ಆಯಿತು. ಹಿಂದಿನ ರಾತ್ರಿ ಲೋಟ ಸುಮ್ಮನಾಗಿರಲೇ ಇಲ್ಲ. ಬೆಳಿಗ್ಗೆ ಅತ್ತಿಗೆಯನ್ನು ತಪಾಸಣೆಗೆ ಒಯ್ಯಬೇಕಿತ್ತು. ಕುರ್ಚಿಯಲ್ಲಿ ಕೂರಿಸಿ, ಅವಳೂ ಗಂಡನೂ ಎದುರುಮನೆಯವನೂ ಸೇರಿ ಮೂರು ಮಹಡಿ ಇಳಿಸಿದರು, ಮತ್ತೆ ಏರಿಸಿದರು. ಕುರ್ಚಿಯ ಮೇಲಿಂದ ಅತ್ತಿಗೆ, "ಎಡಕ್ಕೆ, ಎಡಕ್ಕೆ! ಎಡ ಯಾವುದು ಅಂತ ಗೊತ್ತಿಲ್ವಾ ಯಾರಿಗೂ?" ಎಂದು ಮೆರವಣಿಗೆಯನ್ನು ನಡೆಸಿದರು. ಅವರಿಗೆ ಉಣ್ಣಿಸಿ, ತಾನು ನಿಂತಲ್ಲೇ ಎರಡು ತುತ್ತು ನುಂಗಿ, ಬಸ್ಸಿನಲ್ಲಿ ಕಂಬಿ ಹಿಡಿದು ತೂಗಾಡುತ್ತ ಸ್ಟುಡಿಯೋ ತಲುಪಿದಾಗ ಮಧ್ಯಾಹ್ನವಾಗಿತ್ತು.

ಹಾಡುವ ಕೋಣೆಯಲ್ಲಿ ತಣ್ಣಗೆ ಕತ್ತಲೆ. ಗೋಡೆಗೆಲ್ಲ ಮೆತ್ತನೆಯ ಬಟ್ಟೆ ಹೊದಿಸಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಲೋಕವೇ ನಿಂತುಹೋದಂತೆ. ಹಾಡು ನಿಧಾನದ್ದು.

"ಬಾಗಿಲ ತಟ್ಟದಿರು ಕುದುರೆಯ ಸವಾರ,
ಎದ್ದರೆ ಮತ್ತದೇ ಅರಮನೆ, ಅದೇ ದರ್ಬಾರ..."

ಎರಡು ಸಾಲು ಹಾಡಿದಳು. ನಡುವೆ ಪಿಟೀಲಿನ ತುಣುಕೊಂದು ಇತ್ತು. ಅದು ಮುಗಿಯುವುದನ್ನು ಕಾಯುತ್ತ ನಿಂತಾಗ ದವಡೆಯ ಮೂಲದಲ್ಲಿ ಏನೋ ಬಿಗಿಯಿತು. ತಡೆಯಲು ನೋಡಿದಳು. ಸೀನನ್ನು ತಡೆಯಬಹುದು, ಕೆಮ್ಮನ್ನು ನುಂಗಬಹುದು. ಎಷ್ಟೋ ರಾತ್ರಿಗಳ ಆಕಳಿಕೆ ಒಟ್ಟಾಗಿ ಬಂದರೆ ಯಾರು ತಡೆದಾರು? ಬಾಯಿ ತೆರೆದೇಹೋಯಿತು. ಕಿವಿ ಮುಚ್ಚಿಕೊಂಡಿತು, ಕಣ್ಣಲ್ಲಿ ನೀರು ತುಂಬಿತು, ಹೊಟ್ಟೆಯ ತಳದಿಂದೆದ್ದ ಗಾಳಿ ಉದ್ದಕ್ಕೆ ಎಳೆದು, ಕೊನೆಗೆ 'ಹಾ...' ಎಂದು ಮೆಟ್ಟಿಲಿಳಿದಂತೆ ಇಳಿದು ಬಂತು. ಅಷ್ಟರಲ್ಲಿ ಮುಂದಿನ ಸಾಲಿನ ತಾಳ ಬಂದುಬಿಟ್ಟಿತ್ತು. ರೂಢಿಬಲ, ಆಕಳಿಕೆಯ ಬಾಲ ಬಾಯಲ್ಲಿರುವಾಗಲೇ ಸಾಲನ್ನು ಹಿಡಿದುಕೊಂಡಳು.

ಹಾಡು ಮುಗಿಯಿತು. ಗಾಜಿನ ಆಚೆಯಿಂದ ಮೇಷ್ಟ್ರ ದನಿ ಕಿವಿಯಲ್ಲಿ ಕೇಳಿತು.

"ಅಕ್ಕಾ, ನಡುವೆ ಏನು ಮಾಡಿದ್ರಿ?"

"ಆಕಳಿಸಿದೆ. ತಪ್ಪಾಯ್ತು. ಇನ್ನೊಂದ್ಸಲ ತಗೊಳ್ಳಿ."

"ಬೇಡ ಬೇಡ. ಅದನ್ನ ಯಾರೂ ಮುಟ್ಟಬೇಡಿ."

ಗಾಜಿನ ಆಚೆ ನೋಡಿದರೆ, ರೆಕಾರ್ಡಿಂಗ್ ಎಂಜಿನಿಯರ್ ಬಾಯಿ ತೆರೆದು ಆಕಳಿಸುತ್ತಿದ್ದ. ಅವನನ್ನು ನೋಡಿ ಪಿಟೀಲಿನವನು ಆಕಳಿಸಿದ. ಅವರಿಬ್ಬರನ್ನು ನೋಡಿ ನಗಲು ಹೋದ ಮೇಷ್ಟ್ರೂ ಅರ್ಧ ನಗುವಿನಲ್ಲೇ ಆಕಳಿಸಿದ.

ಆ ಟ್ರ್ಯಾಕಿಗೇ ಚಿತ್ರೀಕರಣ ನಡೆಯಿತು. ಮಾಟಗಾತಿಯ ಹಾಡಿನ ಒಂದು ಸಾಲು ಬದಲಾಯಿತೆಂದು ಅವಳನ್ನೊಮ್ಮೆ ಸೆಟ್ಟಿಗೇ ಕರೆಸಿದ್ದರು. ಪಕ್ಕದಲ್ಲೇ ರಾಜಕುಮಾರಿಯ ಹಾಡಿನ ಚಿತ್ರೀಕರಣ. ದೊಡ್ಡ ಸ್ಪೀಕರಿನಲ್ಲಿ ಅವಳ ದನಿ ಹೊರಡುತ್ತಿತ್ತು. ಪ್ಲಾಸ್ಟಿಕ್ ಬಳ್ಳಿಗಳ ನಡುವಿನ ಮಂಚದಲ್ಲಿ ಮಲಗಿದ್ದ ನಟಿ ತುಟಿಯಾಡಿಸುತ್ತಿದ್ದಳು. ಆಕಳಿಕೆ ಬಂದಾಗ ನಟಿ ನಟಿಸಬೇಕಾಗಲಿಲ್ಲ. ದೀಪ ಹಿಡಿದವರೂ ಆಕಳಿಸಿದರು, ಕುದುರೆಯ ಕಡಿವಾಣ ಹಿಡಿದು ನಿಂತಿದ್ದ ರಾಜಕುಮಾರನೂ ಆಕಳಿಸಿ, "ಕಟ್, ಕಟ್, ನೀನ್ಯಾಕಯ್ಯಾ?" ಎಂದು ನಿರ್ದೇಶಕನಿಂದ ಬೈಸಿಕೊಂಡ.

ಬಿಡುವಿನಲ್ಲಿ ಯಾರೋ ನಟಿಗೆ ತೋರಿಸಿದರು, "ಟ್ರ್ಯಾಕ್ ಹಾಡಿದ್ದು ಇವರೇ." ನಟಿ ಕೈ ಹಿಡಿದುಕೊಂಡು, "ನೀವೇನಾ? ನಿಮ್ಮ ದನೀಲಿ ಮಲಗಿ ಮಲಗಿ ನನಗೆ ಮನೇಲೂ ಹಗಲೆಲ್ಲ ನಿದ್ದೆ ಬರ್ತಿದೆ" ಎಂದು ನಕ್ಕು, ಮೇಕಪ್‌ಗೆ ಹೋದಳು. ಅಕ್ಕ ಮಾತ್ರ ಆ ಮಂಚವನ್ನೇ ನೋಡುತ್ತ ನಿಂತಿದ್ದಳು. ರೇಷ್ಮೆಯಂತೆ ಕಾಣುವ ಹೊದಿಕೆ, ಒಂದರ ಮೇಲೊಂದು ದಿಂಬು. ಇಲ್ಲೊಂದು ಅರ್ಧ ಗಂಟೆ ಮಲಗಲು ಬಿಟ್ಟರೆ ಈ ಸಿನಿಮಾದವರಿಗೆ ಜನ್ಮಜನ್ಮಕ್ಕೂ ಹಾಡುತ್ತೇನೆ ಎನ್ನಿಸಿತು. ಯಾರೂ ನೋಡದಾಗ ಕೈಯಿಟ್ಟು ಒತ್ತಿದಳು. ಹಾಸಿಗೆಯ ಅಡಿಯಲ್ಲಿ ಬರೀ ಹಲಗೆಯಿತ್ತು.

ಚಿತ್ರೀಕರಣ ಮುಗಿದು, ದೊಡ್ಡ ಗಾಯಕಿ ಬಂದರು. ಆ ದಿನ ಬೇರೊಂದು ಸಿನಿಮಾದ ಟ್ರ್ಯಾಕಿಗೆಂದು ಅವಳೂ ಅಲ್ಲಿದ್ದಳು. ದೊಡ್ಡ ಗಾಯಕಿ ಕೆಟ್ಟವರೇನಲ್ಲ. ಮೊದಲೆರಡು ಹಾಡನ್ನು ಟ್ರ್ಯಾಕ್ ಕೇಳಿ, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಹಾಡಿದರು. ಅವರ ದನಿ ಕೋಣೆ ತುಂಬಿದಾಗ ಅವಳಿಗೆ ಎಂದಿನಂತೆ ಅನ್ನಿಸಿದ್ದು ಇಷ್ಟೇ: ಹಾಡೆಂದರೆ ಇದು. ಆದರೆ ರಾಜಕುಮಾರಿಯ ಹಾಡಿನಲ್ಲಿ ಆಕಳಿಕೆಯ ಹತ್ತಿರ ಬಂದು ದೊಡ್ಡ ಗಾಯಕಿ ನಿಂತುಬಿಟ್ಟರು. ಮತ್ತೆ ಮತ್ತೆ ಪ್ರಯತ್ನಿಸಿದರು. ಒಂದು ಆಕಳಿಕೆ ಆಲಾಪದಂತೆ ಬಂತು, ಇನ್ನೊಂದು ಬೆಕ್ಕು ಕೂಗಿದಂತೆ.

ಹೊರಗೆ ಬಂದು, "ಇದನ್ನ ಮಾಡಿದ್ಯಾರು?" ಎಂದು ಕೇಳಿದರು. ಅವಳನ್ನು ಮುಂದೆ ತಳ್ಳಿದರು.

"ನನ್ನ ಕೈಲಿ ಆಗ್ತಿಲ್ಲಮ್ಮ. ಬಾಯಿ ತೆರೆದ್ರೆ ರಾಗ ಬರುತ್ತೆ, ಆಕಳಿಕೆ ಬರಲ್ಲ. ಹೇಗೆ ಮಾಡಿದ್ರಿ?"

"ನಾನು ಮಾಡಲಿಲ್ಲ ಮೇಡಂ, ಅದೇ ಆಯ್ತು. ಮನೇಲಿ ನಿದ್ದೆ ಇಲ್ಲ."

ದೊಡ್ಡ ಗಾಯಕಿ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ನನಗೂ ಎಷ್ಟೋ ವರ್ಷದಿಂದ ಇಲ್ಲ. ಆದ್ರೂ ಬರಲ್ಲ ನೋಡಿ" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಇವರದ್ದೇ ಇಟ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ" ಎಂದು ಕಾರು ಹತ್ತಿದರು.

ಹೀಗೆ ಇಡೀ ಸಿನಿಮಾದಿಂದ ಅವಳ ದನಿಯನ್ನೆಲ್ಲ ಅಳಿಸಿ, ಒಂದು ಆಕಳಿಕೆಯನ್ನು ಮಾತ್ರ ಉಳಿಸಿಕೊಂಡರು. ಮನೆಗೆ ಬಂದು ಗಂಡನಿಗೆ ಹೇಳಿದಳು. "ಅದೇ ಆಗ್ಬೇಕಿತ್ತು ಬಿಡು" ಎಂದ ಅವನು, ಏನು ಆಗಬೇಕಿತ್ತೆಂದು ಹೇಳುವ ಮೊದಲೇ ನಿದ್ದೆಹೋದ.

ಸಿನಿಮಾ ತೆರೆಗೆ ಬಂದಾಗ ಅತ್ತಿಗೆ ವಾಕರ್ ಹಿಡಿದು ಓಡಾಡುವಷ್ಟಾಗಿದ್ದರು. ಮನೆಯೊಳಗೇ ಇದ್ದು ಇದ್ದು ಕೊಳೆತುಹೋಗುತ್ತಿದ್ದೇನೆ, ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಹಟ ಹಿಡಿದರು. ಬಾಗಿಲ ತನಕ ಗಾಡಿ ಹೋಗುವ, ಒಳಗೆ ಮೆಟ್ಟಿಲಿಲ್ಲದ ಚಿತ್ರಮಂದಿರ ಒಂದೇ ಇತ್ತು, ಅಲ್ಲಿ ಓಡುತ್ತಿದ್ದುದು ಇದೇ ಸಿನಿಮಾ. ತನ್ನ ಆಕಳಿಕೆಯ ವಿಷಯ ಅವಳು ಬಾಯಿ ಬಿಡಲಿಲ್ಲ. ಹೇಳಿಕೊಳ್ಳುವಂಥದ್ದೇ ಅದು? ಅತ್ತಿಗೆಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ಮೂವರೂ ಮಧ್ಯಾಹ್ನದ ಆಟಕ್ಕೆ ಹೋದರು. ದೀಪ ಆರುವ ಮೊದಲೇ ಗಂಡನ ಕೆಲಸ ಮುಗಿಯಿತು. ತಲೆ ಹಿಂದಕ್ಕೆ ಒರಗಿತು.

ಅತ್ತಿಗೆ ಮಾತ್ರ ಸೆಟೆದು ಕೂತು ನೋಡಿದರು. ಮಾಟಗಾತಿಯ ಮನೆಯನ್ನು ಮಕ್ಕಳು ತಿನ್ನುವಾಗ, "ಹಾಸ್ಟೆಲ್ ಹುಡುಗೀರೂ ಹೀಗೇ, ಗೋಡೆ ಒಂದು ಬಿಟ್ಟಿದ್ರು" ಎಂದರು. ಮಲತಾಯಿಯ ಹಾಡಿಗೆ ಏನೂ ಅನ್ನಲಿಲ್ಲ. ಟ್ರ್ಯಾಕ್ ಅಕ್ಕ ಆ ಹಾಡಿನ ಉದ್ದಕ್ಕೂ ಕಿವಿಗೊಟ್ಟು ಕೂತಿದ್ದಳು. ತಾನು ಉಸಿರು ತೆಗೆದುಕೊಂಡ ಜಾಗದಲ್ಲೇ ದೊಡ್ಡ ಗಾಯಕಿ ಉಸಿರು ತೆಗೆದುಕೊಂಡಿದ್ದರು. 'ಬಾಚಣಿಗೆ' ಎನ್ನುವಲ್ಲಿ ತಾನು ತುಸು ಎಡವಿದ್ದಳು, ಅಲ್ಲೇ ಅವರೂ ಎಡವಿದ್ದರು. ಆದರೆ ಅವರು ಎಡವಿದಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೆಳೆದುಕೊಂಡರು.

ಆಮೇಲೆ ರಾಜಕುಮಾರಿ ಬಂದಳು. ಎರಡು ಸಾಲು ಹಾಡಿದಳು. ಪಿಟೀಲು ನುಡಿಯಿತು. ಆ ದೊಡ್ಡ ಕತ್ತಲೆಯಲ್ಲಿ, ನಾಲ್ಕೂ ಕಡೆಯ ಸ್ಪೀಕರುಗಳಿಂದ, ಆ ಆಕಳಿಕೆ ಹೊರಟಿತು. ಉದ್ದಕ್ಕೆ ಎಳೆಯಿತು, 'ಹಾ...' ಎಂದು ಇಳಿಯಿತು. ಚಿತ್ರಮಂದಿರದ ತುಂಬ ಒಂದೊಂದೇ ಬಾಯಿ ತೆರೆದುಕೊಂಡಿತು, ಆಕಳಿಕೆಯ ಬೆನ್ನಿಗೇ ನಗು ಹರಡಿತು.

ಅತ್ತಿಗೆ ವಾಕರಿನ ಮೇಲೆ ಕೈಯೂರಿ ಅವಳತ್ತ ತಿರುಗಿದರು.

"ಇದು ನಿನ್ನದು!" ಎಂದರು. ವಾರ್ಡನ್ ಆಗಿದ್ದವರ ದನಿ. ಕೊನೆಯ ಸಾಲಿನ ತನಕ ಕೇಳಿಸಿತು.

"ಮೆಲ್ಲಗೆ ಅತ್ತಿಗೆ..."

"ಮೆಲ್ಲಗೇನು? ಇಷ್ಟು ದಿನ ಗೋಡೆ ಆಚೆಯಿಂದ ಕೇಳಿದೀನಿ, ನನಗೆ ಗೊತ್ತಾಗಲ್ವಾ? ಲೋಟ ಬಡಿದ ತಕ್ಷಣ ನೀನು ಏಳೋ ಮೊದಲು ಇದೇ ಥರ ಆಕಳಿಸ್ತೀಯ. ಕೊನೇಲಿ ಇದೇ 'ಹಾ'. ಕೈ ಕೂಡ ಅಡ್ಡ ಇಟ್ಕೊಂಡಿಲ್ಲ, ಗೊತ್ತಾಗುತ್ತೆ!"

"ಸುಮ್ಮನಿರ್ರೀ" ಎಂದು ಹಿಂದಿನವರು ಗದರಿದರು. ಅತ್ತಿಗೆ ಅವರತ್ತ ತಿರುಗಿ, "ನಮ್ಮನೆಯವಳು ಕಣ್ರೀ ಅದು" ಎಂದು ಒಂದೇ ಮಾತಿನಲ್ಲಿ ಅವರನ್ನು ಸುಮ್ಮನಾಗಿಸಿ ಮುಂದಕ್ಕೆ ತಿರುಗಿದರು. ಅವಳಿಗೆ ನಗು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಹೊರಗೆ ಬಿಡಬೇಕೆಂದು ತಿಳಿಯುವ ಮೊದಲೇ ಮತ್ತೊಂದು ಆಕಳಿಕೆ ಬಂತು. ಈ ಸಲ ಕೈ ಅಡ್ಡ ಇಟ್ಟುಕೊಂಡಳು.

ವಾಪಸು ಬರುವಾಗ ಗಾಡಿಯಲ್ಲಿ ಅತ್ತಿಗೆ ವಿಚಾರಣೆ ಶುರು ಮಾಡಿದರು.

"ಆಕಳಿಕೆ ನಿನ್ನದು. ಹಾಡು ಯಾರದ್ದು?"

"ದೊಡ್ಡ ಗಾಯಕೀದು."

"ಮತ್ತೆ ನೀನು ಅಷ್ಟು ದಿನ ಹೋಗಿ ಹಾಡಿದ್ದು?"

ಅವಳು ಹೇಳಿದಳು. ಟ್ರ್ಯಾಕ್ ಎಂದರೇನು, ಯಾಕೆ ಹಾಡುತ್ತಾರೆ, ಯಾಕೆ ಅಳಿಸುತ್ತಾರೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅತ್ತಿಗೆ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡರು.

"ಹಾಗಾದ್ರೆ ನೀನು ಹಾಡಿದ್ದನ್ನ ಇಲ್ಲೀವರೆಗೆ ಯಾರೂ ಕೇಳೇ ಇಲ್ಲ ಅನ್ನು."

"ಕೇಳಿದಾರೆ. ಕುಣಿಯೋರು ಕೇಳಿದಾರೆ. ಲೈಟ್ ಹಿಡಿಯೋರು ಕೇಳಿದಾರೆ."

"ಅದೂ ಒಂದು ಕೇಳೋದಾ?"

"ನನಗೆ ಸಾಕು ಅತ್ತಿಗೆ" ಎಂದಳು ಅವಳು. ಸಾಕೆಂದರೆ ಅಷ್ಟೇ ಸಾಕೆಂದೋ, ಸಾಕಾಗಿ ಹೋಗಿದೆಯೆಂದೋ, ಹೇಳಿದವಳಿಗೇ ಸ್ಪಷ್ಟವಿರಲಿಲ್ಲ.

ಕಟ್ಟಡದವರಿಗೆಲ್ಲ ಸುದ್ದಿ ಮುಟ್ಟಿಸಿದ್ದು ಅತ್ತಿಗೆಯೇ. ಎದುರುಮನೆಯವನನ್ನು ಕರೆದು, "ಆ ಸಿನಿಮಾದಲ್ಲಿ ಆಕಳಿಸೋದು ಇವಳೇ" ಎಂದರು. ಮೆಟ್ಟಿಲಲ್ಲಿ ಸಿಕ್ಕವರು, "ಎಲ್ಲಿ, ಒಂದ್ಸಲ ಆಕಳಿಸಿ ನೋಡೋಣ" ಎನ್ನತೊಡಗಿದರು. ಹಾಡು ಅಂತ ಯಾರೂ ಕೇಳಲಿಲ್ಲ.

ಕೆಲವು ದಿನಗಳ ಮೇಲೆ ಮೇಷ್ಟ್ರು ಫೋನ್ ಮಾಡಿದ. ಹಾಸಿಗೆ ಮಾರುವವರ ಜಾಹೀರಾತೊಂದು ಬಂದಿತ್ತು. "ಅದೇ ಆಕಳಿಕೆ ಬೇಕಂತೆ ಅಕ್ಕ. ಅದನ್ನೇ ಎತ್ತಿ ಬಳಸೋ ಹಾಗಿಲ್ಲ, ಅದು ಸಿನಿಮಾದವರದ್ದು. ಹೊಸದಾಗಿ ಒಂದು ಮಾಡಿಕೊಡಿ."

ಹೋದಳು. ಅದೇ ಕೋಣೆ, ಅದೇ ತಣ್ಣನೆ ಕತ್ತಲೆ. ನಿಂತು ಬಾಯಿ ತೆರೆದಳು. ಗಾಳಿ ಬಂತು, ಆಕಳಿಕೆ ಬರಲಿಲ್ಲ. ಎಂಜಿನಿಯರ್ ದೀಪ ಇನ್ನೂ ಸಣ್ಣದು ಮಾಡಿದ. ಪಿಟೀಲಿನವನು ಗಾಜಿನ ಆಚೆಯಿಂದ ಆಕಳಿಸಿ ಆಕಳಿಸಿ ತೋರಿಸಿದ. ಅವನಿಗೇ ನಿಜವಾಗಿ ಹತ್ತಿಕೊಂಡಿತೇ ಹೊರತು ಅವಳಿಗೆ ಹತ್ತಲಿಲ್ಲ. ಅತ್ತಿಗೆ ನಡೆಯತೊಡಗಿದ ಮೇಲೆ ರಾತ್ರಿ ಲೋಟದ ಸದ್ದು ಕಡಿಮೆಯಾಗಿತ್ತು. ಹಿಂದಿನ ರಾತ್ರಿ ಅವಳು ಬೆಳಗಿನ ತನಕ ಮಲಗಿದ್ದಳು.

"ಅಕ್ಕ, ನಿಮಗೆ ಸುಸ್ತಾಗಿಲ್ವಾ?" ಎಂದು ಮೇಷ್ಟ್ರು ಕೇಳಿದ.

"ಆಗಿದೆಯಪ್ಪ. ಆದ್ರೆ ನಿದ್ದೆಗೆಟ್ಟ ಸುಸ್ತಲ್ಲ ಇದು" ಎಂದಳು.

ಅದು ನಿಜವೇ ಆಗಿತ್ತು. ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುವ ದಣಿವು ಒಂದಿರುತ್ತದೆ. ಅದು ಹೋದ ಮೇಲೆ, ನೀರಿಳಿದ ಕೆರೆಯಲ್ಲಿ ಕಲ್ಲು ಕಂಡಂತೆ, ಅಡಿಯಲ್ಲಿದ್ದ ಇನ್ನೊಂದು ದಣಿವು ಅವಳಿಗೆ ಕಾಣಿಸಿತ್ತು. ಆ ಕೋಣೆಗೆ ಬರುವಾಗ ಮೊದಲೆಲ್ಲ ಕಾಲು ತಾನಾಗಿ ಚುರುಕಾಗುತ್ತಿತ್ತು. ಈಗ ಆಗುತ್ತಿರಲಿಲ್ಲ. ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದಳು. ಆಮೇಲೆ ಟ್ರ್ಯಾಕಿಗೆ ಕರೆದರೂ ಒಮ್ಮೆ ಹೋದಳು, ಒಮ್ಮೆ ಹೋಗಲಿಲ್ಲ. ಹೋಗದ ದಿನಗಳು ಹೆಚ್ಚಾದವು. ಅವಳ ಜಾಗಕ್ಕೆ ಬೇರೊಬ್ಬಳು ಬಂದಳು, ಅವಳನ್ನೂ ಅಕ್ಕ ಎಂದೇ ಕರೆಯುತ್ತಾರಂತೆ.

ಒಂದು ಬೆಳಿಗ್ಗೆ ಅವಳೂ ಅತ್ತಿಗೆಯೂ ಬಾಲ್ಕನಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಕೆಳಗೆ ಯಾರದೋ ರೇಡಿಯೋದಲ್ಲಿ ಮಲತಾಯಿಯ ಹಾಡು ಬಂತು. ಅತ್ತಿಗೆ ಕೇಳಿಸಿಕೊಂಡು, ಅದು ಮುಗಿದ ಮೇಲೆ, ಇವಳ ಕಡೆ ನೋಡದೆ ಹೇಳಿದರು.

"ಎಲ್ಲಿ, ನೀನು ಹೇಗೆ ಹಾಡಿದ್ದೆ ಅಂತ ಹಾಡು."

"ಈಗ್ಲಾ?"

"ಮತ್ತೆ ಮುಹೂರ್ತ ಇಡಿಸ್ಬೇಕಾ?"

ಅವಳು ಗಂಟಲು ಸರಿಮಾಡಿಕೊಂಡಳು. ಬಿಸಿನೀರಿಲ್ಲ, ಹೆಡ್‌ಫೋನಿಲ್ಲ, ತಾಳ ಹೇಳಿಕೊಡುವವರಿಲ್ಲ. ಒದ್ದೆ ಸೀರೆಗಳ ನಡುವೆ ಕೂತು, ಕೈಯಲ್ಲಿದ್ದ ಬಟಾಣಿಯ ಸಿಪ್ಪೆಯನ್ನು ಹಾಗೇ ಹಿಡಿದುಕೊಂಡು, ಮೊದಲಿಂದ ಕೊನೆಯ ತನಕ ಹಾಡಿದಳು. ದನಿ ಒಂದೆರಡು ಕಡೆ ಕೆಳಗಿಳಿಯಿತು. ಬಾಚಣಿಗೆಯ ಹತ್ತಿರ ಎಡವಿತು. ಅತ್ತಿಗೆ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಕಾಳನ್ನು ಪಾತ್ರೆಗೆ ಸದ್ದಾಗದಂತೆ ಹಾಕುತ್ತಿದ್ದರು.

ಹಾಡು ಮುಗಿಯಿತು. ಅತ್ತಿಗೆ ಇನ್ನೊಂದು ಬಟಾಣಿಯನ್ನು ಕೈಗೆತ್ತಿಕೊಂಡರು.

"ಚೆನ್ನಾಗಿದೆ" ಎಂದರು. ಆಮೇಲೆ, ಸುಳ್ಳು ಹೇಳಿ ಅಭ್ಯಾಸವಿಲ್ಲದವರಂತೆ, "ಆದ್ರೆ ಅವಳು ನಿನಗಿಂತ ಚೆನ್ನಾಗಿ ಹಾಡಿದಾಳೆ" ಎಂದೂ ಸೇರಿಸಿದರು.

"ಹೌದು ಅತ್ತಿಗೆ. ಅವರೇ ಚೆನ್ನಾಗಿ ಹಾಡಿದಾರೆ."

ಅವಳಿಗೆ ನೋವಾಗಲಿಲ್ಲ. ಇಷ್ಟು ವರ್ಷದಲ್ಲಿ ಯಾರಾದರೂ ಇಬ್ಬರ ಹಾಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ಹೇಳಿದ್ದು ಅದೇ ಮೊದಲು. ಒಳಗಿನಿಂದ ಗಂಡನ ಗೊರಕೆ ಕೇಳುತ್ತಿತ್ತು. ಅತ್ತಿಗೆ ಬಟಾಣಿಯ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಉಳಿದಿದ್ದು ನಾನು ನೋಡ್ಕೋತೀನಿ" ಎಂದರು. ಅವಳು ಎದ್ದುಹೋಗಲಿಲ್ಲ, ಗೋಡೆಗೆ ತಲೆಯಾನಿಸಿ, ಕಾಲು ಚಾಚಿ, ಅಲ್ಲೇ ಕೂತಳು.